ಪೆನ್ಸಿಲ್ ತಟ್ಟಿದ ಸದ್ದು

ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಆರೇಳು ವರ್ಷದ ಮಕ್ಕಳಿಗೆ ಮಾದಕ ವಸ್ತುಗಳ ವಿಚಾರವನ್ನು ಹೇಳಿಕೊಡಬೇಕೇ, ಹೇಳಿಕೊಡುವುದಾದರೆ ಶಿಕ್ಷಕರು ಹೇಳಬೇಕೋ ಪೊಲೀಸರು ಹೇಳಬೇಕೋ ಅಥವಾ ಹೊರಗಿನಿಂದ ಬರುವ ಸ್ವಯಂಸೇವಕರು ಹೇಳಬೇಕೋ ಎಂಬ ಪ್ರಶ್ನೆ ಪೋಷಕರ ಸಭೆಗಳಲ್ಲೂ ಓದುಗರ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾಗುತ್ತದೆ. ಹೇಳಿದರೆ ಇಲ್ಲದ ಕುತೂಹಲ ಕೆರಳಿಸಿದಂತಾದೀತು ಎಂಬ ಅಳುಕು ಒಂದು ಕಡೆ, ಹೇಳದಿದ್ದರೆ ಹೊತ್ತು ಮೀರೀತು ಎಂಬ ಆತಂಕ ಇನ್ನೊಂದು ಕಡೆ. ಈ ಪ್ರಶ್ನೆಗೆ ನಾಲ್ಕು ದಶಕಗಳಿಂದ ಉತ್ತರ ಹುಡುಕುತ್ತ, ಅಪಾರ ಹಣ ಸುರಿದು, ಪದೇ ಪದೇ ಎಡವಿ, ಎಡವಿದ್ದನ್ನೂ ಅಳೆದು ನೋಡಿ ಬರೆದಿಟ್ಟಿರುವ ದೇಶ ಅಮೆರಿಕ. ಆದ್ದರಿಂದ ಅಲ್ಲಿನ ಗ್ರಾಮೀಣ ಶಾಲೆಗಳ ಅನುಭವವನ್ನು, ಅದರಲ್ಲೂ ಅಪಲೇಚಿಯನ್ ಬೆಟ್ಟಸಾಲಿಗೆ ಸೇರಿದ ವೆಸ್ಟ್ ವರ್ಜೀನಿಯ ಮತ್ತು ಪೂರ್ವ ಕೆಂಟಕಿಯ ಕಣಿವೆಗಳ ಸ್ಥಿತಿಯನ್ನು ಎದುರಿಗಿಟ್ಟುಕೊಂಡು, ಮಕ್ಕಳ ಪಕ್ಕದಲ್ಲಿ ಕುಳಿತು ಓದಿಸುವ ಸೇವಾ ಸದಸ್ಯರ ಕೆಲಸಕ್ಕೂ ವ್ಯಸನಕ್ಕೂ ಇರುವ ನಂಟನ್ನು ಪರಿಶೀಲಿಸುವುದು ಉಪಯುಕ್ತ.

ಸೇವಾ ಸದಸ್ಯ ಎಂಬ ಮಾತನ್ನು ಮೊದಲು ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡ ಓದುಗರಿಗೆ ಸ್ವಯಂಸೇವಕ ಎಂದೊಡನೆ ನೆನಪಾಗುವುದು ಕಾಲೇಜಿನ ಎನ್‌ಎಸ್‌ಎಸ್. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಒಂದು ವಾರದ ಶಿಬಿರ, ರಸ್ತೆ ಬದಿಯ ಶ್ರಮದಾನ. ಅಮೆರಿಕದ ಒಕ್ಕೂಟ ಸರ್ಕಾರ ನಡೆಸುವ ಅಮೆರಿಕೋರ್ ಎಂಬ ಸಂಸ್ಥೆಯ ಏರ್ಪಾಡು ಇದಕ್ಕಿಂತ ಬೇರೆ ಬಗೆಯದು. 1993ರ ಕಾಯ್ದೆಯೊಂದರಿಂದ ಹುಟ್ಟಿ, 1994ರಲ್ಲಿ ಸುಮಾರು 20,000 ಮಂದಿಯ ಮೊದಲ ತಂಡದೊಂದಿಗೆ ಕೆಲಸ ಆರಂಭಿಸಿದ ಈ ಸಂಸ್ಥೆಯಲ್ಲಿ ಪೂರ್ಣಾವಧಿ ಸದಸ್ಯರೆಂದರೆ ಸುಮಾರು ಒಂದು ವರ್ಷದಲ್ಲಿ 1,700 ಗಂಟೆ ದುಡಿಯುವವರು. ಅವರಿಗೆ ಸಂಬಳವಿಲ್ಲ, ಬದುಕು ನೂಕಲು ಸಾಕಾಗುವಷ್ಟು ಭತ್ಯೆ ಇರುತ್ತದೆ. ಅವಧಿ ಮುಗಿಸಿದವರಿಗೆ ಕಾಲೇಜು ಶುಲ್ಕಕ್ಕೋ ಹಳೆಯ ಶಿಕ್ಷಣ ಸಾಲಕ್ಕೋ ಬಳಸಿಕೊಳ್ಳಬಹುದಾದ ಏಳು ಸಾವಿರ ಡಾಲರಿಗೂ ಮಿಕ್ಕಿದ ಶಿಕ್ಷಣ ನಿಧಿ ದೊರೆಯುತ್ತದೆ. ಶಾಲೆಯೊಳಗೆ ಕಾಲಿಡುವ ಮೊದಲು ಅಪರಾಧ ದಾಖಲೆಗಳ ತಪಾಸಣೆಯಾಗುತ್ತದೆ. ಸೇವೆಯ ಗಂಟೆಗಳಲ್ಲಿ ರಾಜಕೀಯ ಪ್ರಚಾರಕ್ಕೂ ಮತಪ್ರಚಾರಕ್ಕೂ ಅವಕಾಶವಿಲ್ಲ, ಹಾಗೆಯೇ ಸಂಬಳದ ನೌಕರನೊಬ್ಬನ ಕೆಲಸವನ್ನು ಸದಸ್ಯನಿಂದ ಮಾಡಿಸಿ ಆ ಹುದ್ದೆಯ ಖರ್ಚನ್ನು ಉಳಿಸಿಕೊಳ್ಳುವಂತೆಯೂ ಇಲ್ಲ. ಈ ಕೊನೆಯ ನಿಯಮ ಕಾಗದದ ಮೇಲೆ ಚಿಕ್ಕದಾಗಿ ಕಂಡರೂ ಶಾಲೆಗಳಲ್ಲಿ ಅದರ ತೂಕ ದೊಡ್ಡದು, ಏಕೆಂದರೆ ಶಿಕ್ಷಕರ ಕೊರತೆಯಿರುವ ಹಳ್ಳಿಯ ಶಾಲೆಗೆ ಪುಕ್ಕಟೆಯಾಗಿ ಸಿಕ್ಕ ಎರಡು ಕೈಗಳನ್ನು ಖಾಲಿ ಬಿದ್ದ ತರಗತಿಗೆ ನೂಕುವ ಆಸೆ ಸದಾ ಇದ್ದೇ ಇರುತ್ತದೆ.

ಇಂಥ ಸದಸ್ಯರಲ್ಲಿ ಕೆಲವರ ಕಾರ್ಯವಿವರದಲ್ಲಿ ಎರಡು ಬಾಬ್ತುಗಳು ಒಂದರ ಕೆಳಗೊಂದು ಬರುತ್ತವೆ: ಹಿಂದುಳಿದ ಮಕ್ಕಳಿಗೆ ಓದು ಮತ್ತು ಲೆಕ್ಕ ಹೇಳಿಕೊಡುವುದು, ಮಾದಕ ವಸ್ತುಗಳಿಂದ ದೂರವಿರುವ ಬಗ್ಗೆ ಪಾಠ ಮಾಡುವುದು. ಮೇಲ್ನೋಟಕ್ಕೆ ಇವು ಸಂಬಂಧವಿಲ್ಲದ ಎರಡು ಕೆಲಸಗಳು. ಒಂದು ಶಿಕ್ಷಣ ಇಲಾಖೆಗೆ ಸೇರಿದ್ದೆಂದೂ ಇನ್ನೊಂದು ಆರೋಗ್ಯ ಅಥವಾ ಪೊಲೀಸ್ ಇಲಾಖೆಗೆ ಸೇರಿದ್ದೆಂದೂ ಯಾರಿಗಾದರೂ ತೋಚುತ್ತದೆ. ಆದರೆ ಕಳೆದ ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗಿಟ್ಟು ನೋಡಿದರೆ ಎರಡನೆಯ ಬಾಬ್ತಿನ ಹೆಚ್ಚಿನ ಪಾಲು ಮೊದಲನೆಯದರಲ್ಲೇ ನಡೆದುಹೋಗುತ್ತದೆ ಎನ್ನಲು ಸಾಕಷ್ಟು ಆಧಾರಗಳು ಸಿಗುತ್ತವೆ. ಓದಿನ ಮೇಜೇ ವ್ಯಸನ ತಡೆಯ ಮೊದಲ ಮೇಜು ಎಂಬುದು ಈ ಬರಹದ ನಿಲುವು.

ಅಪಲೇಚಿಯದ ಹಿನ್ನೆಲೆಯನ್ನು ಚುಟುಕಾಗಿಯಾದರೂ ಹೇಳದೆ ಮುಂದೆ ಹೋಗುವಂತಿಲ್ಲ. ಕಲ್ಲಿದ್ದಲ ಗಣಿಗಳಲ್ಲಿ ಬೆನ್ನು, ಮಂಡಿ ಕಳೆದುಕೊಂಡ ಜನ ಹೆಚ್ಚಾಗಿದ್ದ ಈ ಪ್ರದೇಶಕ್ಕೆ 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ನೋವು ನಿವಾರಕ ಮಾತ್ರೆ ಬಹುಬೇಗ ಹರಡಿತು. ಅದು ಓಪಿಯಾಯ್ಡ್ ಗುಂಪಿಗೆ ಸೇರಿದ್ದು. ಎಂದರೆ ಅಫೀಮಿನಿಂದ ತೆಗೆದ ಅಥವಾ ಅಫೀಮಿನಂತೆಯೇ ಮಿದುಳಿನ ಮೇಲೆ ಕೆಲಸ ಮಾಡುವಂತೆ ಪ್ರಯೋಗಾಲಯದಲ್ಲಿ ತಯಾರಾದ ಔಷಧಗಳ ಜಾತಿ. ವ್ಯಸನದ ಅಪಾಯ ಕಡಿಮೆಯೆಂದು ತಪ್ಪು ಮಾಹಿತಿ ಕೊಟ್ಟು ಮಾರಿದ್ದಾಗಿ ಅದರ ತಯಾರಕ ಕಂಪನಿ ಪರ್ಡ್ಯೂ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಆ ಹೊತ್ತಿಗೆ ಬೆಂಕಿ ಒಂದು ಕಂಪನಿಯ ಕೈಮೀರಿತ್ತು. 2007ರಿಂದ 2012ರ ನಡುವಿನ ಆರು ವರ್ಷಗಳಲ್ಲಿ ಹದಿನೆಂಟು ಲಕ್ಷ ಜನಸಂಖ್ಯೆಯ ವೆಸ್ಟ್ ವರ್ಜೀನಿಯಕ್ಕೆ ಎರಡು ಬಗೆಯ ನೋವಿನ ಮಾತ್ರೆಗಳೇ 78 ಕೋಟಿಯಷ್ಟು ಸರಬರಾಜಾಗಿದ್ದವು ಎಂಬುದನ್ನು ರಾಜಧಾನಿ ಚಾರ್ಲ್ಸ್‌ಟನ್‌ನ ಪತ್ರಕರ್ತ ಎರಿಕ್ ಐರ್ ದಾಖಲೆ ಸಮೇತ ಬಯಲಿಗೆಳೆದರು, ಅದಕ್ಕಾಗಿ 2017ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆದರು. ಕರ್ಮಿಟ್ ಎಂಬ ಸುಮಾರು 400 ಜನರ ಊರಿನ ಒಂದು ಔಷಧ ಅಂಗಡಿಗೆ ಎರಡೇ ವರ್ಷಗಳಲ್ಲಿ ಬಂದು ಬಿದ್ದ ಮಾತ್ರೆಗಳು 90 ಲಕ್ಷದ ಸಮೀಪದಲ್ಲಿದ್ದವು. ಮಾತ್ರೆ ದುಬಾರಿಯಾದಾಗ ಅದೇ ಗುಂಪಿನ ಹೆರಾಯಿನ್, ಅದರ ಹಿಂದೆಯೇ ಫೆಂಟನಿಲ್ ಬಂದವು. ದೇಶದ ಒಟ್ಟು ಲೆಕ್ಕದಲ್ಲಿ ಮಿತಿಮೀರಿದ ಸೇವನೆಯಿಂದ ಸತ್ತವರ ಸಂಖ್ಯೆ 2021ರಲ್ಲಿ ವರ್ಷಕ್ಕೆ ಒಂದು ಲಕ್ಷವನ್ನು ದಾಟಿತು.

ಈ ಅಂಕಿಗಳು ಶಾಲೆಯ ಬಾಗಿಲಿಗೆ ಬರುವಾಗ ಬೇರೆಯೇ ರೂಪ ತಾಳುತ್ತವೆ. ಮಗುವನ್ನು ಬಸ್ಸಿಗೆ ಹತ್ತಿಸುವವರು ಅಪ್ಪ ಅಮ್ಮನ ಬದಲು ಅಜ್ಜಿಯಾಗಿರುತ್ತಾರೆ, ಪ್ರಗತಿಪತ್ರಕ್ಕೆ ಸಹಿ ಹಾಕುವವರು ದೂರದ ಚಿಕ್ಕಮ್ಮನಾಗಿರುತ್ತಾರೆ, ವಾರಾಂತ್ಯದ ಹಸಿವಿನಿಂದ ಸೋಮವಾರ ಬೆಳಗಿನ ಉಪಾಹಾರ ಉಳಿದ ದಿನಗಳಿಗಿಂತ ಬೇಗ ಖಾಲಿಯಾಗುತ್ತದೆ. ವೆಸ್ಟ್ ವರ್ಜೀನಿಯದಲ್ಲಿ 2013ರಲ್ಲಿ ಚಾರ್ಲ್ಸ್‌ಟನ್‌ನ ಒಂದು ಪ್ರಾಥಮಿಕ ಶಾಲೆಯಿಂದ ಆರಂಭವಾಗಿ ನಂತರ ಹಲವೆಡೆ ಹಬ್ಬಿದ ಒಂದು ಪದ್ಧತಿಯಿದೆ. ರಾತ್ರಿ ಯಾವುದಾದರೂ ಮನೆಗೆ ಪೊಲೀಸರು ಹೋಗಿ, ಅಲ್ಲಿ ಬಂಧನವನ್ನೋ ಹೊಡೆದಾಟವನ್ನೋ ಪ್ರಜ್ಞೆ ತಪ್ಪಿದ ದೊಡ್ಡವರನ್ನೋ ಮಗು ಕಂಡಿದ್ದರೆ, ಮರುದಿನ ಶಾಲೆಯ ಗಂಟೆ ಹೊಡೆಯುವುದರೊಳಗೆ ಮುಖ್ಯಶಿಕ್ಷಕರಿಗೆ ಮಗುವಿನ ಹೆಸರೂ, ಜೋಪಾನವಾಗಿ ನೋಡಿಕೊಳ್ಳಿ ಎಂಬರ್ಥದ ಒಂದೇ ಸಾಲೂ ತಲುಪುತ್ತದೆ. ಏನಾಯಿತು, ಯಾರು ಸಿಕ್ಕಿಬಿದ್ದರು ಎಂಬ ವಿವರ ಅದರಲ್ಲಿರುವುದಿಲ್ಲ. ಆ ದಿನ ಮಗು ಮೇಜಿನ ಮೇಲೆ ತಲೆಯಿಟ್ಟು ಮಲಗಿದರೆ ಎಬ್ಬಿಸಬಾರದು, ಪರೀಕ್ಷೆಯಿದ್ದರೆ ಮುಂದೂಡಬೇಕು, ಅಷ್ಟೆ. ವ್ಯಸನ ತಡೆ ಎಂದರೆ ಘೋಷಣೆಯೆಂದು ತಿಳಿದವರಿಗೆ ಇದು ಏನೂ ಅಲ್ಲವೆನಿಸಬಹುದು.

ಘೋಷಣೆಗಳ ಕಾಲವೂ ಅಮೆರಿಕದಲ್ಲಿ ಜೋರಾಗಿಯೇ ನಡೆಯಿತು. ಅಧ್ಯಕ್ಷ ರೇಗನ್ ಅವರ ಪತ್ನಿ ನ್ಯಾನ್ಸಿ ರೇಗನ್ 1980ರ ದಶಕದಲ್ಲಿ ದೇಶವಿಡೀ ತಿರುಗಿ, ಬೇಡ ಎನ್ನುವುದನ್ನು ಕಲಿಯಿರೆಂದು ಮಕ್ಕಳಿಗೆ ಹೇಳಿದರು. 1983ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಅಲ್ಲಿನ ಶಾಲಾಡಳಿತದೊಂದಿಗೆ ಸೇರಿ ಡೇರ್ ಎಂಬ ಕಾರ್ಯಕ್ರಮ ಹೂಡಿದರು. ಸಮವಸ್ತ್ರದ ಪೊಲೀಸ್ ಅಧಿಕಾರಿಯೊಬ್ಬರು ವಾರಕ್ಕೊಮ್ಮೆಯಂತೆ ಹದಿನೇಳು ಪಾಠಗಳನ್ನು ಐದು, ಆರನೇ ತರಗತಿಯ ಮಕ್ಕಳಿಗೆ ಮಾಡುವುದು, ಕೊನೆಗೆ ಮಕ್ಕಳು ಪ್ರತಿಜ್ಞೆ ಸ್ವೀಕರಿಸಿ ಟಿ ಶರ್ಟು ತೊಡುವುದು ಅದರ ಕ್ರಮ. 1985ರಲ್ಲಿ ಮೆಕ್ಸಿಕೋದಲ್ಲಿ ಕೊಲೆಯಾದ ಮಾದಕ ವಸ್ತು ನಿಯಂತ್ರಣ ಅಧಿಕಾರಿ ಎನ್ರಿಕೆ ಕಾಮರೆನಾ ಅವರ ನೆನಪಿಗೆ ಅಕ್ಟೋಬರ್ ಕೊನೆಯ ವಾರ ಶಾಲೆಗಳಲ್ಲಿ ಕೆಂಪು ರಿಬ್ಬನ್ ಕಟ್ಟುವ ಆಚರಣೆಯೂ ಅದೇ ದಶಕದ್ದು. ಪೋಷಕರಿಗೆ ಡೇರ್ ಅಚ್ಚುಮೆಚ್ಚಾಗಿತ್ತು, ಪೊಲೀಸರಿಗೂ ಅಷ್ಟೇ, ಶಾಲೆಗಳಿಗಂತೂ ಒಂದು ಪೀರಿಯಡ್ಡಿನ ಹೊಣೆ ಕಡಿಮೆಯಾಗುತ್ತಿತ್ತು. ಕೆಲಸ ಮಾಡುತ್ತದೆಯೇ ಎಂದು ಅಳೆಯಲು ಹೊರಟವರಿಗೆ ಮಾತ್ರ ಕೈಗೆ ಏನೂ ಹತ್ತಲಿಲ್ಲ. ಅಪಲೇಚಿಯಕ್ಕೆ ಸಮೀಪದ ಕೆಂಟಕಿಯ ಲೆಕ್ಸಿಂಗ್ಟನ್ ನಗರದಲ್ಲಿ ಆರನೇ ತರಗತಿಯಲ್ಲಿದ್ದ ಸುಮಾರು ಒಂದು ಸಾವಿರ ಮಕ್ಕಳನ್ನು ಅವರು ಇಪ್ಪತ್ತು ವರ್ಷದವರಾದಾಗ ಮತ್ತೆ ವಿಚಾರಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಡೇರ್ ಪಾಠ ಕೇಳಿದವರಿಗೂ ಸಾಮಾನ್ಯ ಪಾಠ ಕೇಳಿದವರಿಗೂ ಸಿಗರೇಟು, ಮದ್ಯ, ಗಾಂಜಾ ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಟೀಕೆಗಳನ್ನು ತಡೆಯಲಾರದೆ ಡೇರ್ ತನ್ನ ಪಠ್ಯವನ್ನೇ ಬದಲಿಸಿಕೊಂಡಿತು.

ಸೋಲಿಗೆ ಕಾರಣ ಹುಡುಕುವುದು ಕಷ್ಟವಲ್ಲ. ಹನ್ನೊಂದು ವರ್ಷದ ಮಗುವಿಗೆ ಹೆರಾಯಿನ್ನಿನ ಹೆಸರು ಹೇಳಿ ಹೆದರಿಸುವ ಪಾಠ, ಆ ಮಗುವಿನ ಬದುಕಿನಲ್ಲಿ ವ್ಯಸನಕ್ಕೆ ನೆಲ ಹದಗೊಳಿಸುವ ಸಂಗತಿಗಳನ್ನು ಮುಟ್ಟುವುದೇ ಇಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ಅವರ ನೇತೃತ್ವದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ ಬಾಲ್ಯದ ಪೆಟ್ಟುಗಳ ಲೆಕ್ಕವಿಟ್ಟಿತು; ಹೊಡೆತ, ನಿಂದನೆ, ಮನೆಯಲ್ಲಿ ಕುಡುಕರೋ ವ್ಯಸನಿಗಳೋ ಇರುವುದು, ಜೈಲು ಸೇರಿದ ಬಂಧು ಮುಂತಾದ ಪ್ರಕಾರಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚನ್ನು ಕಂಡವರಲ್ಲಿ ಮದ್ಯವ್ಯಸನ ಮತ್ತು ಮಾದಕ ವ್ಯಸನದ ಅಪಾಯ, ಏನನ್ನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು. ಇದಕ್ಕೆ ಶಾಲೆಯೊಳಗಿನ ಇನ್ನೊಂದು ಪೆಟ್ಟು ಸೇರಿಕೊಳ್ಳುತ್ತದೆ. ಮೂರನೇ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ, ನಾಲ್ಕರಿಂದ ಮುಂದೆ ಕಲಿಯಲೆಂದು ಓದುತ್ತದೆ ಎಂಬುದು ಶಿಕ್ಷಕರ ವಲಯದ ಹಳೆಯ ಮಾತು. ಆ ದಾಟುಗಲ್ಲಿನಲ್ಲಿ ಕಾಲು ಜಾರಿದ ಮಗುವಿಗೆ ವಿಜ್ಞಾನವೂ ಸಮಾಜವೂ ಒಟ್ಟಿಗೇ ಕತ್ತಲಾಗುತ್ತವೆ, ತರಗತಿಯಲ್ಲಿ ದಿನಕ್ಕೆ ಆರು ಗಂಟೆ ಸೋಲುವುದೇ ಅದರ ಕಾಯಕವಾಗುತ್ತದೆ. ಶಾಲೆಯಲ್ಲಿ ಬೇರು ಬಿಡದ ಮಗು ಹನ್ನೆರಡು ಹದಿಮೂರರ ಹೊತ್ತಿಗೆ ತನ್ನನ್ನು ಒಪ್ಪಿಕೊಳ್ಳುವ ಗುಂಪನ್ನು ಬೇರೆಡೆ ಹುಡುಕಿಕೊಳ್ಳುತ್ತದೆ, ಮೊದಲ ಸಿಗರೇಟೋ ಮೊದಲ ಮಾತ್ರೆಯೋ ಅಲ್ಲಿ ಕೈಗೆ ಬರುತ್ತದೆ. ತಡೆ ವಿಜ್ಞಾನದ ಪುಸ್ತಕಗಳು ಅಪಾಯಾಂಶ ಎಂದು ಹೆಸರಿಟ್ಟು ಪಟ್ಟಿ ಮಾಡುವ ಕಾರಣಗಳಲ್ಲಿ ಆರಂಭದ ತರಗತಿಗಳ ಕಲಿಕೆಯ ಸೋಲು ಮತ್ತು ಶಾಲೆಯೊಂದಿಗಿನ ಸಡಿಲ ನಂಟು ಎರಡೂ ಸೇರಿವೆ.

ಇಲ್ಲಿಗೆ ಸೇವಾ ಸದಸ್ಯನ ಓದಿನ ಮೇಜು ಬರುತ್ತದೆ. ಮಿನ್ನೆಸೋಟ ರಾಜ್ಯದಲ್ಲಿ 2003ರಲ್ಲಿ ಆರಂಭವಾದ ರೀಡಿಂಗ್ ಕೋರ್ ಎಂಬ ಅಮೆರಿಕೋರ್ ಕಾರ್ಯಕ್ರಮ ಈ ಮೇಜನ್ನು ಅಚ್ಚುಕಟ್ಟಾಗಿ ರೂಪಿಸಿಕೊಟ್ಟಿದ್ದು, ನಂತರ ಹಲವು ರಾಜ್ಯಗಳು ಅದನ್ನು ಎರವಲು ಪಡೆದವು. ಮಗುವಿಗೆ ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ, ಒಬ್ಬರೇ ಬೋಧಕರು. ಮೇಜು ಎಂದರೆ ಗ್ರಂಥಾಲಯದ ಒಂದು ಮೂಲೆಯೋ ಮೊಗಸಾಲೆಯ ಕೊನೆಯೋ ಆಗಿರಬಹುದು. ಅಲ್ಲಿ ಒಂದು ಪುಟದ ಕಥೆಯ ಎರಡು ಪ್ರತಿಗಳಿರುತ್ತವೆ, ಒಂದು ಟೈಮರ್ ಇರುತ್ತದೆ, ಒಂದು ಪೆನ್ಸಿಲ್ ಇರುತ್ತದೆ. ಒಂದು ಕ್ರಮದಲ್ಲಿ ಬೋಧಕ ಒಂದು ಪದ, ಮಗು ಒಂದು ಪದ ಎಂದು ಜುಗಲ್‌ಬಂದಿಯಂತೆ ಸಾಲು ಸಾಗುತ್ತದೆ. ಇನ್ನೊಂದು ಕ್ರಮದಲ್ಲಿ ಟಿವಿ ವಾರ್ತೆ ಓದುವವರ ಧಾಟಿಯಲ್ಲಿ ಇಬ್ಬರೂ ಸೇರಿ ಓದುತ್ತಾರೆ. ಮತ್ತೊಂದರಲ್ಲಿ ಮಗು ಒಂಟಿಯಾಗಿ ಓದುತ್ತದೆ, ತಪ್ಪಿದರೆ ಬೋಧಕ ಬಾಯಿ ತೆರೆಯದೆ ಪೆನ್ಸಿಲಿನಿಂದ ಮೇಜನ್ನು ಒಮ್ಮೆ ತಟ್ಟುತ್ತಾನೆ, ಮಗು ನಿಂತು ಆ ಪದವನ್ನು ಮತ್ತೆ ನೋಡಿ ತಾನೇ ಸರಿಪಡಿಸಿಕೊಳ್ಳುತ್ತದೆ. ಬೈಗುಳವಿಲ್ಲ, ತರಗತಿಯ ನಗುವಿಲ್ಲ, ತಪ್ಪಿಗೆ ಸಿಗುವುದು ಒಂದು ಸಣ್ಣ ಸದ್ದು ಮತ್ತು ಇನ್ನೊಂದು ಅವಕಾಶ. ವಾರಕ್ಕೊಮ್ಮೆ ಒಂದು ನಿಮಿಷದ ಓದನ್ನು ಅಳೆದು, ಸರಿಯಾಗಿ ಓದಿದ ಪದಗಳ ಸಂಖ್ಯೆಯನ್ನು ಚಾರ್ಟಿನಲ್ಲಿ ಚುಕ್ಕೆಯಾಗಿ ಇಡಲಾಗುತ್ತದೆ; ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಸುಮಾರು 110 ಪದ ಓದುವ ಮಗುವನ್ನು ಸರಾಸರಿ ಎನ್ನಬಹುದು. ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಸ್ವತಂತ್ರ ಮೌಲ್ಯಮಾಪನವೂ ಈ ವಿಧಾನದ ಪರವಾಗಿಯೇ ಬಂದಿದೆ, ಅದರಲ್ಲೂ ತೀರ ಚಿಕ್ಕ ತರಗತಿಗಳಲ್ಲಿ ಫಲ ಎದ್ದು ಕಂಡಿದೆ.

ಚುಕ್ಕೆಗಳು ಮೇಲೇರುವುದು ಒಂದು ಲಾಭವಾದರೆ, ಚಾರ್ಟಿನಲ್ಲಿ ಬರೆಯಲಾಗದ ಇನ್ನೊಂದು ಲಾಭವಿದೆ. ಮನೆಯಲ್ಲಿ ದೊಡ್ಡವರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ, ಬಂದಾಗ ಯಾವ ಮನಃಸ್ಥಿತಿಯಲ್ಲಿರುತ್ತಾರೆ ಎಂಬುದು ಗೊತ್ತಿಲ್ಲದ ಮಗುವಿಗೆ, ಹತ್ತೂ ಹತ್ತಕ್ಕೆ ತಪ್ಪದೆ ಬಂದು ಅದೇ ಕುರ್ಚಿಯಲ್ಲಿ ಕೂರುವ, ನಿನ್ನೆಯ ಕಥೆ ಎಲ್ಲಿಗೆ ನಿಂತಿತ್ತೆಂಬುದನ್ನು ನೆನಪಿಟ್ಟುಕೊಂಡಿರುವ ಒಬ್ಬ ದೊಡ್ಡ ಮನುಷ್ಯ ಸಿಗುತ್ತಾನೆ. ಅಮೆರಿಕದ ಶಾಲಾ ಆಪ್ತಸಮಾಲೋಚಕರ ಸಂಘದ ಶಿಫಾರಸು 250 ಮಕ್ಕಳಿಗೆ ಒಬ್ಬರು ಎಂದಿದ್ದರೂ ಕಣಿವೆಯ ಪುಟ್ಟ ಶಾಲೆಗಳಲ್ಲಿ ಆ ಒಬ್ಬರು ಎರಡು ಮೂರು ಶಾಲೆಗಳಿಗೆ ಹಂಚಿಹೋಗಿರುವುದುಂಟು. ಅಂಥಲ್ಲಿ ಮಗು ತಾನಾಗಿ ಬಾಯಿಬಿಟ್ಟು ಹೇಳುವ ಮಾತನ್ನು ಮೊದಲು ಕೇಳಿಸಿಕೊಳ್ಳುವವರು ಈ ಬೋಧಕರೇ. ಕೇಳಿಸಿಕೊಂಡದ್ದನ್ನು ಏನು ಮಾಡಬೇಕೆಂಬ ತರಬೇತಿ ಆದ್ದರಿಂದಲೇ ಓದಿಸುವ ತರಬೇತಿಯಷ್ಟೇ ಮುಖ್ಯ. ಮಗುವಿಗೆ ಅಪಾಯವಿದೆ ಎನಿಸಿದರೆ ಗುಟ್ಟಾಗಿಡುತ್ತೇನೆಂದು ಮಾತು ಕೊಡಬಾರದು, ತಾನೇ ಪತ್ತೇದಾರನಾಗಬಾರದು, ಶಾಲೆಯಲ್ಲಿ ಅದಕ್ಕೆಂದು ಇರುವವರಿಗೆ ಆ ದಿನವೇ ತಿಳಿಸಬೇಕು.

ಹಾಗಾದರೆ ಮಾದಕ ವಸ್ತುಗಳ ಪಾಠವೇ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಅದು ವಯಸ್ಸಿಗೆ ತಕ್ಕದ್ದಾಗಿರಬೇಕು. ಒಂದನೇ ತರಗತಿಯ ಸರಿಯಾದ ಪಾಠದಲ್ಲಿ ಹೆರಾಯಿನ್, ಕೊಕೇನ್ ಎಂಬ ಹೆಸರುಗಳೇ ಬರುವುದಿಲ್ಲ. ಮಿಠಾಯಿಯ ಚಿತ್ರಗಳನ್ನೂ ಮಾತ್ರೆಯ ಚಿತ್ರಗಳನ್ನೂ ಒಂದೇ ಹಾಳೆಯಲ್ಲಿಟ್ಟು ಯಾವುದು ಯಾವುದೆಂದು ಕೇಳಲಾಗುತ್ತದೆ, ಮಕ್ಕಳು ತಪ್ಪುತ್ತಾರೆ, ಅನೇಕ ವೇಳೆ ದೊಡ್ಡವರೂ ತಪ್ಪುತ್ತಾರೆ. ನೋಡಿ ಹೇಳಲಾಗದು ಎಂಬುದೇ ಪಾಠ, ಆದ್ದರಿಂದ ನಂಬುವ ದೊಡ್ಡವರನ್ನು ಕೇಳದೆ ಬಾಯಿಗೆ ಹಾಕಿಕೊಳ್ಳಬಾರದು ಎಂಬುದು ನಿಯಮ. ಮುಂದಿನ ಪ್ರಶ್ನೆ ಸೂಕ್ಷ್ಮವಾದದ್ದು: ನೀನು ನಂಬುವ ದೊಡ್ಡವರು ಯಾರು? ಮಕ್ಕಳು ತಮ್ಮ ಅಂಗೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಐದು ಬೆರಳಿಗೆ ಐದು ಹೆಸರು ಬರೆಯುವ ಚಟುವಟಿಕೆ ಇಂಥ ತರಗತಿಗಳಲ್ಲಿ ಸಾಮಾನ್ಯ. ಮಾತ್ರೆಯ ಡಬ್ಬಿಗಳು ಅಡುಗೆಮನೆಯ ಕಟ್ಟೆಯ ಮೇಲೇ ಇರುವ ಮನೆಗಳಿಂದ ಬಂದ ಮಕ್ಕಳಲ್ಲಿ ಎಷ್ಟು ಬೆರಳುಗಳು ಖಾಲಿ ಉಳಿದವು ಎಂಬುದನ್ನು ನೋಡುವ ಬೋಧಕನಿಗೆ ಅಂದಿನ ಪಾಠದಲ್ಲಿ ತಾನು ಹೇಳಿಕೊಟ್ಟದ್ದಕ್ಕಿಂತ ಕಲಿತದ್ದೇ ಹೆಚ್ಚಾಗಿರುತ್ತದೆ. ಮಾದಕ ವಸ್ತು ಬಳಸುವವರು ಕೆಟ್ಟವರು ಎಂಬ ಒಂದು ವಾಕ್ಯ ಇಂಥ ತರಗತಿಯಲ್ಲಿ ಎಷ್ಟು ಗಾಯ ಮಾಡಬಲ್ಲದೆಂಬುದನ್ನೂ ಇಲ್ಲಿಯೇ ಯೋಚಿಸಬೇಕು, ಏಕೆಂದರೆ ಎದುರು ಕುಳಿತವರಲ್ಲಿ ಯಾರದೋ ಅಮ್ಮ ಆ ವಾಕ್ಯದೊಳಗೆ ಬಂದುಬಿಡುತ್ತಾಳೆ.

ತರಗತಿಯನ್ನು ಇಡಿಯಾಗಿ ಬಳಸಿಕೊಳ್ಳುವ ಇನ್ನೊಂದು ವಿಧಾನದ ಹೆಸರು ಒಳ್ಳೆಯ ನಡತೆಯ ಆಟ. ಇದು 1967ರಲ್ಲಿ ಕಾನ್ಸಸ್ ರಾಜ್ಯದ ಒಂದು ನಾಲ್ಕನೇ ತರಗತಿಯ ಗದ್ದಲ ತಡೆಯಲು ಹುಟ್ಟಿದ ಉಪಾಯ, ಅದರ ಬಗ್ಗೆ ಪ್ರಬಂಧ ಪ್ರಕಟವಾದದ್ದು 1969ರಲ್ಲಿ. ತರಗತಿಯನ್ನು ತಂಡಗಳಾಗಿ ಮಾಡಿ, ಪಾಠದ ನಡುವೆ ಯಾರಾದರೂ ನಿಯಮ ಮುರಿದರೆ ಅವರ ತಂಡದ ಮುಂದೆ ಬೋರ್ಡಿನ ಮೇಲೆ ಒಂದು ಗೀಟು ಎಳೆಯುವುದು, ನಿಗದಿಯಾದ ಸಂಖ್ಯೆಗಿಂತ ಕಡಿಮೆ ಗೀಟು ಪಡೆದ ಎಲ್ಲ ತಂಡಗಳೂ ಗೆದ್ದಂತೆ ಎಣಿಸಿ ಒಂದಿಷ್ಟು ಆಟದ ಹೊತ್ತು ಕೊಡುವುದು, ಇಷ್ಟೇ ಅದರ ತಿರುಳು. ಇದರಲ್ಲಿ ಮಾದಕ ವಸ್ತುವಿನ ಸುದ್ದಿಯೇ ಇಲ್ಲ. ಆದರೆ 1980ರ ದಶಕದ ನಡುವಿನಲ್ಲಿ ಬಾಲ್ಟಿಮೋರ್ ನಗರದ ಒಂದನೇ ತರಗತಿಗಳಲ್ಲಿ ಈ ಆಟವಾಡಿದ ಮಕ್ಕಳನ್ನು ಅವರ ಹತ್ತೊಂಬತ್ತು, ಇಪ್ಪತ್ತೊಂದರ ವಯಸ್ಸಿನಲ್ಲಿ ಹುಡುಕಿ ವಿಚಾರಿಸಿದಾಗ, ಆಟವಾಡಿದ ಗಂಡುಮಕ್ಕಳಲ್ಲಿ ವ್ಯಸನಿಗಳಾದವರ ಪ್ರಮಾಣ ಆಡದವರಿಗಿಂತ ಸುಮಾರು ಅರ್ಧದಷ್ಟಿತ್ತು, ಮೊದಲಿನಿಂದಲೂ ಜಗಳಗಂಟರೆನಿಸಿದ್ದ ಹುಡುಗರಲ್ಲಿ ಫಲ ಇನ್ನೂ ಹೆಚ್ಚಿತ್ತು. ಹೆಣ್ಣುಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಮರೆಯದೆ ಹೇಳಬೇಕು. ಹೆದರಿಸುವ ಹದಿನೇಳು ಪಾಠಗಳು ಸಾಧಿಸದೇ ಹೋದದ್ದನ್ನು ಬೋರ್ಡಿನ ಮೇಲಿನ ನಾಲ್ಕು ಗೀಟುಗಳು ಒಂದಷ್ಟಾದರೂ ಸಾಧಿಸಿದ್ದು ಈ ಕ್ಷೇತ್ರದ ಅತ್ಯಂತ ಕುತೂಹಲದ ಸಂಗತಿ.

ಈ ವಿಚಾರಗಳನ್ನು ಅಮೆರಿಕದ ಸರ್ಕಾರಿ ದಾಖಲೆಯೊಂದರಲ್ಲಿ ಒಟ್ಟುಗೂಡಿಸಿಟ್ಟದ್ದರಲ್ಲಿ ಮಂಡ್ಯದ ನಂಟೂ ಇದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಸರ್ಜನ್ ಜನರಲ್, ಎಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಬುದ್ಧಿ ಹೇಳುವ ಅತ್ಯುನ್ನತ ವೈದ್ಯಾಧಿಕಾರಿ, ಆಗಿದ್ದಾಗ 2016ರ ನವೆಂಬರಿನಲ್ಲಿ ವ್ಯಸನದ ಕುರಿತು ಆ ಕಚೇರಿಯ ಮೊತ್ತಮೊದಲ ಸಮಗ್ರ ವರದಿಯನ್ನು ಹೊರತಂದರು. ವ್ಯಸನ ಚಾರಿತ್ರ್ಯದ ದೋಷವಲ್ಲ, ಮಿದುಳಿಗೆ ಸಂಬಂಧಿಸಿದ ಕಾಯಿಲೆ ಎಂಬ ಅದರ ಮಾತು ಹೆಚ್ಚು ಸುದ್ದಿಯಾಯಿತು. ಬಾಲ್ಯದಲ್ಲೇ ಆರಂಭಿಸಬೇಕಾದ, ಪರೀಕ್ಷೆಗೊಳಪಟ್ಟು ಗೆದ್ದ ತಡೆ ಕಾರ್ಯಕ್ರಮಗಳ ಅಧ್ಯಾಯ ಅಷ್ಟಾಗಿ ಸುದ್ದಿಯಾಗಲಿಲ್ಲ; ಒಳ್ಳೆಯ ನಡತೆಯ ಆಟ ಆ ಅಧ್ಯಾಯದಲ್ಲಿದೆ.

ಸೇವಾ ಸದಸ್ಯರ ವ್ಯವಸ್ಥೆಯಲ್ಲಿ ಹುಳುಕುಗಳಿಲ್ಲವೆಂದಲ್ಲ. ಎಲ್ಲಕ್ಕಿಂತ ದೊಡ್ಡದು ಅವಧಿಯದು. ಆಗಸ್ಟಿನಲ್ಲಿ ಬಂದ ಬೋಧಕ ಮುಂದಿನ ಬೇಸಿಗೆಗೆ ಹೊರಟುಬಿಡುತ್ತಾನೆ, ಹೇಳದೆ ಕೇಳದೆ ಮಾಯವಾಗುವ ದೊಡ್ಡವರನ್ನು ಆಗಲೇ ಸಾಕಷ್ಟು ಕಂಡಿರುವ ಮಗುವಿನ ಲೆಕ್ಕಕ್ಕೆ ಇವನೂ ಒಬ್ಬ ಸೇರುತ್ತಾನೆ. ಭತ್ಯೆ ಕಡಿಮೆಯಾದ್ದರಿಂದ ಮನೆಯ ಆಸರೆಯಿರುವ ಪೇಟೆಯ ಯುವಕರಿಗೇ ಈ ಸೇವೆ ಸುಲಭ. ಮನೆ ಬಾಡಿಗೆ, ಕಾರು ಎಂದು ಸಾಲು ಸಾಲು ಖರ್ಚು ಹೊತ್ತ ಕಣಿವೆಯ ಹುಡುಗಿಗೆ ಅದು ಕಷ್ಟ. ಊರಿನ ಮಾತಿನ ಧಾಟಿ ತಿಳಿಯದ ಹೊರಗಿನವರು ಕರುಣೆ ಬೆರೆಸಿ ಮಾತಾಡತೊಡಗಿದರೆ ಅಪಲೇಚಿಯದ ಜನ ಅದನ್ನು ತಟ್ಟನೆ ಗುರುತಿಸುತ್ತಾರೆ, ಅರವತ್ತು ವರ್ಷಗಳಿಂದ ಬಡತನ ನಿವಾರಣೆಯ ಹೆಸರಿನಲ್ಲಿ ಬಂದುಹೋದವರ ಸಾಲನ್ನು ಅವರು ನೋಡಿದ್ದಾರೆ. ಈ ಕೊರತೆಗೆ ಮದ್ದು ಅದೇ ಸಂಸ್ಥೆಯ ಇನ್ನೊಂದು ಕೋಣೆಯಲ್ಲಿದೆ. 1965ರಲ್ಲಿ ಆರಂಭವಾದ ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್ ಎಂಬ ಯೋಜನೆಯಲ್ಲಿ 55 ದಾಟಿದ, ಕಡಿಮೆ ವರಮಾನದ ಸ್ಥಳೀಯ ಹಿರಿಯರು ಸಣ್ಣ ಭತ್ಯೆ ಪಡೆದು ಶಾಲೆಗೆ ಬಂದು ಮಕ್ಕಳೊಂದಿಗೆ ಕೂರುತ್ತಾರೆ. ಅವರು ವರ್ಷಗಟ್ಟಲೆ ಉಳಿಯುತ್ತಾರೆ, ಮಗುವಿನ ಅಜ್ಜನನ್ನೂ ಬಲ್ಲವರಾಗಿರುತ್ತಾರೆ, ಮಗು ಅಂಗಡಿಯಲ್ಲಿ ಕಂಡರೆ ಹೆಸರು ಹಿಡಿದು ಕರೆಯುತ್ತಾರೆ. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ 1994ರಿಂದ ನಡೆಸುವ ಎನರ್ಜಿ ಎಕ್ಸ್‌ಪ್ರೆಸ್ ಎಂಬ ಬೇಸಿಗೆಯ ಆರು ವಾರಗಳ ಕಾರ್ಯಕ್ರಮವೂ ಬೇರೊಂದು ಬಗೆಯಲ್ಲಿ ಇದೇ ಜಾಡು ಹಿಡಿದಿದೆ: ಕಾಲೇಜು ವಿದ್ಯಾರ್ಥಿಗಳು ಸೇವಾ ಸದಸ್ಯರಾಗಿ ಮಕ್ಕಳ ಪುಟ್ಟ ಗುಂಪುಗಳಿಗೆ ಓದಿಸುತ್ತಾರೆ, ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಅವರೊಂದಿಗೇ ಮಾಡುತ್ತಾರೆ, ಮಕ್ಕಳು ಮನೆಗೆ ತಮ್ಮದೇ ಆದ ಪುಸ್ತಕಗಳನ್ನು ಒಯ್ಯುತ್ತಾರೆ. ರಜೆಯಲ್ಲಿ ಓದು ಮರೆಯುವುದೂ ಹಸಿವೂ ಒಂದೇ ಮನೆಯ ಬಾಗಿಲು ತಟ್ಟುತ್ತವೆ ಎಂಬುದನ್ನು ಆ ಕಾರ್ಯಕ್ರಮ ಮೊದಲೇ ಕಂಡುಕೊಂಡಿತ್ತು.

ಇಷ್ಟು ತಾಳ್ಮೆಯ ಕೆಲಸ ನಿಂತಿರುವುದು ವರ್ಷ ವರ್ಷದ ಅನುದಾನದ ಮೇಲೆ. 2025ರ ಏಪ್ರಿಲ್ ಕೊನೆಯಲ್ಲಿ ಒಕ್ಕೂಟ ಸರ್ಕಾರ ಅಮೆರಿಕೋರ್‌ನ ಸುಮಾರು 40 ಕೋಟಿ ಡಾಲರಿನ ಅನುದಾನಗಳನ್ನು ಒಮ್ಮೆಗೇ ರದ್ದು ಮಾಡಿತು, ಅನುದಾನ ಕಡಿದ ಕಡೆ ಸದಸ್ಯರು ನಡು ವರ್ಷದಲ್ಲೇ ಕೆಲಸ ನಿಲ್ಲಿಸಬೇಕಾಯಿತು. ಹಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು, ಜೂನ್ ಮೊದಲ ವಾರದಲ್ಲಿ ಮೇರಿಲ್ಯಾಂಡ್‌ನ ನ್ಯಾಯಾಧೀಶರು ಅನುದಾನವನ್ನು ಮರಳಿ ಕೊಡಬೇಕೆಂದು ಆದೇಶಿಸಿದರು. ಆ ಆದೇಶ ದಾವೆ ಹೂಡಿದ ರಾಜ್ಯಗಳಿಗಷ್ಟೇ ಅನ್ವಯಿಸಿತು. ದಾವೆಯಲ್ಲಿ ಕೆಂಟಕಿಯ ಗವರ್ನರ್ ಸೇರಿದ್ದರು, ವೆಸ್ಟ್ ವರ್ಜೀನಿಯ ಸೇರಿರಲಿಲ್ಲ. 90 ಲಕ್ಷ ಮಾತ್ರೆಗಳ ಆ ಕರ್ಮಿಟ್ ಊರು ಇರುವುದು ಟಗ್ ಫೋರ್ಕ್ ನದಿಯ ವೆಸ್ಟ್ ವರ್ಜೀನಿಯ ದಡದಲ್ಲಿ, ನದಿ ದಾಟಿದರೆ ಕೆಂಟಕಿ. ಆದೇಶ ಬರುವ ಹೊತ್ತಿಗೆ ಎರಡೂ ದಡದ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿತ್ತು.